ಹೊಸಿಲು ದಾಟಿದ ನೀಲಿ ಮೀನು

ನಮ್ಮ ಓನರಮ್ಮ ಅಶ್ವತ್ಥಮ್ಮನವರಿಗೆ ಹೆದರಿಕೆ ಹೊಸದಲ್ಲ. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಹೆಬ್ಬಗೋಡಿ ಬಸ್ ಸ್ಟಾಪಿನಿಂದ ಮನೆಗೆ ವಾಪಸ್ ಬರುವ ಹೆಂಗಸು ಅವರು. ಮಳೆ ಬಂದರೆ ಟೆರೇಸಿನ ಪೈಪು ಕಟ್ಟೀತು ಎಂಬ ಭಯ, ಬಾರದಿದ್ದರೆ ಬೋರ್‌ವೆಲ್ ಬತ್ತೀತು ಎಂಬ ಭಯ. ಮೇಲಿನ ರೂಮಿನಲ್ಲಿ ಬಾಡಿಗೆಗಿರುವ ನಾನು ಇದನ್ನೆಲ್ಲ ನೋಡಿ ಬೇಕಾದಷ್ಟು ನಕ್ಕಿದ್ದೇನೆ. ನಾನು ಭಾಗ್ಯಶ್ರೀ, ಇಂಡಿ ಕಡೆಯವಳು. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಸರ್ಕ್ಯೂಟ್ ಬೋರ್ಡ್ ಜೋಡಿಸುವ ಕೆಲಸ. ಬಾಯಿ ಸುಮ್ಮನಿರದವಳು ಎಂದು ಊರಲ್ಲೂ ಹೆಸರು ತೆಗೆದುಕೊಂಡಿದ್ದೆ, ಇಲ್ಲೂ ತೆಗೆದುಕೊಂಡಿದ್ದೇನೆ. ಆದರೆ ಹೋದ ಶ್ರಾವಣದಿಂದ ಕಾರ್ತೀಕದವರೆಗೆ ಆ ಹೆಂಗಸು ಪಟ್ಟ ಸಂಕಟ ನೋಡಿ ನನಗೂ ನಗು ಬರಲಿಲ್ಲ.

ಅಶ್ವತ್ಥಮ್ಮನವರದು ಇದೇ ಊರಿನ ಒಕ್ಕಲು ಮನೆ. ಈಗ ನಮ್ಮ ರೂಮುಗಳಿರುವ ಜಾಗದಲ್ಲಿ ಒಂದು ಕಾಲಕ್ಕೆ ಗುಲಾಬಿ ಬೆಳೆಯುತ್ತಿದ್ದರಂತೆ. ಯಜಮಾನರು ಲಕ್ಷ್ಮಯ್ಯ. ಊರಿನ ಯಾರ ಮದುವೆಯಾಗಲಿ, ಯಾರ ಜಗಳವಾಗಲಿ, ಮುಂದೆ ನಿಂತು ರಾಜಿ ಮಾಡಿಸುವುದರಲ್ಲಿ ಎತ್ತಿದ ಕೈ. ಮಗಳು ಯಮುನಾ ಒಬ್ಬಳೇ. ಅವಳನ್ನು ಆನೇಕಲ್ ಕಡೆಯ ಗೋಪಾಲಪ್ಪನವರ ಮಗ ಶ್ರೀಧರನಿಗೆ ಕೊಟ್ಟಿದ್ದರು. ಶ್ರೀಧರ ಕುಡಿಯುತ್ತಿದ್ದ. ಕುಡಿದರೆ ಹೊಡೆಯುತ್ತಿದ್ದ. ಮೊದಲನೇ ಸಲ ಅವಳು ತವರಿಗೆ ಬಂದಾಗ ಗೋಪಾಲಪ್ಪನವರು ಹಣ್ಣಿನ ತಟ್ಟೆ ಹಿಡಿದು ಬಂದು, ಹುಡುಗ ದೇವರ ಮುಂದೆ ಆಣೆ ಮಾಡಿದ್ದಾನೆ ಎಂದು ಹೇಳಿ ಕರೆದುಕೊಂಡು ಹೋದರು. ಒಳ್ಳೆಯ ದಿನ ನೋಡಿ ಅಶ್ವತ್ಥಮ್ಮನವರೇ ಮಗಳಿಗೆ ಮಡಿಲಕ್ಕಿ ತುಂಬಿ ಕಳಿಸಿದರು. ಎರಡನೇ ಸಲ ಅವಳು ಬಂದಾಗ ಬಲಗೈಗೆ ಪ್ಲಾಸ್ಟರ್ ಹಾಕಿತ್ತು.

ಆಮೇಲೆ ಯಮುನಾ ಮಾತು ನಿಲ್ಲಿಸಿಬಿಟ್ಟಳು. ಸಿಟ್ಟು, ಅಳು ಯಾವುದೂ ಇರಲಿಲ್ಲ. ನೀರು ಪರೀಕ್ಷೆ ಮಾಡುವ ಒಂದು ಲ್ಯಾಬಿನಲ್ಲಿ ಕೆಲಸ ಹಿಡಿದಳು, ಹೋಗುತ್ತಿದ್ದಳು, ಬರುತ್ತಿದ್ದಳು, ಉಂಡು ಮಲಗುತ್ತಿದ್ದಳು. ಕೇಳಿದ್ದಕ್ಕೆ ತಲೆಯಾಡಿಸುವುದೇ ಉತ್ತರ. ಆಗ ಅವಳ ಜೊತೆಯ ಹುಡುಗಿಯೊಬ್ಬಳು ಪುಣೆಗೆ ವರ್ಗವಾಗಿ ಹೋಗುವಾಗ ಉಪ್ಪುನೀರಿನ ಮೀನಿನ ತೊಟ್ಟಿಯನ್ನು ಇವಳಿಗೆ ಕೊಟ್ಟು ಹೋದಳು. ಹಾಲ್‌ನಲ್ಲಿ ಟಿವಿ ಇದ್ದ ಜಾಗದಲ್ಲಿ ಅದನ್ನು ಕೂರಿಸಿದರು. ಎರಡು ಮೀನು, ಒಂದು ಸಿಗಡಿ, ಕಲ್ಲಿಗೆ ಅಂಟಿಕೊಂಡು ಬೆರಳಾಡಿಸುವ ಒಂದು ಪ್ರಾಣಿ. ಯಮುನಾ ಅದನ್ನು ಅನಿಮೋನ್ ಎನ್ನುತ್ತಿದ್ದಳು, ಅಶ್ವತ್ಥಮ್ಮ ಕಡಲ ಹೂವು ಎನ್ನುತ್ತಿದ್ದರು. ಕೇಸರಿ ಮೈಗೆ ಬಿಳಿ ಪಟ್ಟೆಯಿದ್ದ ಮೀನಿಗೆ ಕುಂಕುಮ ಎಂದೂ, ಪೂರಾ ಹಳದಿಯಿದ್ದ ಮೀನಿಗೆ ಅರಿಶಿನ ಎಂದೂ ಹೆಸರಿಟ್ಟವರು ಅವರೇ.

ಉಪ್ಪುನೀರೆಂದರೆ ಅಂಗಡಿಯ ಕಲ್ಲುಪ್ಪು ಕದಡಿದ ನೀರಲ್ಲ ಎಂದು ನನಗೂ ಆಗಲೇ ಗೊತ್ತಾಗಿದ್ದು. ಅದಕ್ಕೆ ಬೇರೆಯದೇ ಉಪ್ಪು, ಫಿಲ್ಟರ್ ನೀರು, ಅಳತೆಗೊಂದು ಮೀಟರು. ಇದನ್ನೆಲ್ಲ ತಾಯಿಗೆ ವಿವರಿಸುವ ನೆಪದಲ್ಲಿ ಯಮುನಾಳ ಬಾಯಿ ಮೆಲ್ಲಗೆ ಬಿಚ್ಚಿತು. ಮೊದಲು ಮೀನಿನ ಮಾತು, ಆಮೇಲೆ ಲ್ಯಾಬಿನ ಮಾತು, ಒಂದು ದಿನ ನಗು ಕೂಡ ಬಂತು. ಮೆಟ್ಟಿಲ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಾ ಅಶ್ವತ್ಥಮ್ಮ ನನ್ನ ಹತ್ತಿರ ಹೇಳಿದರು.

"ಈ ಮೀನ್ಗಳು ಚೆನ್ನಾಗಿದ್ರೆ ಸಾಕು ಭಾಗ್ಯ. ಇವಕ್ಕೇನಾರಾ ಆದ್ರೆ ನನ್ ಮಗಳು ತಿರ್ಗಾ ಅಂಗೇ ಆಗೋಯ್ತಾಳೆ. ಆಗ ಯಾರ್ ಕರ್ದ್ರೂ ಎದ್ದು ಓಗ್ಬುಡ್ತಾಳೆ, ಆ ಮನೆಗಾದ್ರೂ ಸೈ."

ಆ ಮನೆಯಿಂದ ಆಗಲೇ ಫೋನು ಶುರುವಾಗಿತ್ತು. ಲಕ್ಷ್ಮಯ್ಯ ಫೋನು ಹಿಡಿದು ಕಾಂಪೌಂಡಿನಾಚೆ ಹೋಗಿ ಮಾತಾಡುತ್ತಿದ್ದರು. ಒಳಗೆ ಬರುವಾಗ ಮುಖದಲ್ಲಿ ರಾಜಿಯ ಕಳೆ ಇರುತ್ತಿತ್ತು.

ಯಮುನಾಳಿಗೆ ನೀಲಿ ಮೀನೊಂದರ ಮೇಲೆ ಆಸೆಯಿತ್ತು. ಚಂದಾಪುರದ ಮೀನಿನಂಗಡಿ ಶಿವಶಂಕರನಿಗೆ ಹೇಳಿಟ್ಟಿದ್ದಳು. ಅದಕ್ಕಾಗಿ ಬಚ್ಚಲ ಪಕ್ಕದಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಹತ್ತಿರ, ನೀಲಿ ಡ್ರಮ್ಮೊಂದನ್ನು ಕತ್ತರಿಸಿ ಉಪ್ಪುನೀರು ತುಂಬಿಸಿ ಗಾಳಿ ಪೈಪು ಬಿಟ್ಟಿದ್ದಳು. ಹೊಸ ಮೀನು ಬಂದರೆ ತಿಂಗಳುಗಟ್ಟಲೆ ಅದರಲ್ಲೇ ಇರಬೇಕು. ಮೈಯಲ್ಲಿ ಹುಳ ಇಲ್ಲವೆಂದು ಖಾತ್ರಿಯಾದ ಮೇಲೆಯೇ ಹಾಲ್‌ಗೆ. ಇದನ್ನು ಅವಳು ತಾಯಿಗೆ ಹೇಳಿದ್ದಳು, ನನ್ನೆದುರೇ ಹೇಳಿದ್ದಳು. ಅಶ್ವತ್ಥಮ್ಮ ತಲೆಯಾಡಿಸಿದ್ದನ್ನೂ ನಾನು ನೋಡಿದ್ದೇನೆ.

ವರಮಹಾಲಕ್ಷ್ಮಿ ಹಬ್ಬದ ಬೆಳಿಗ್ಗೆ ಶಿವಶಂಕರನ ಫೋನು ಬಂತು, ನೀಲಿ ಮೀನು ಬಂದಿದೆ ಎಂದು. ಯಮುನಾಳಿಗೆ ಆ ದಿನ ರಜೆಯಿರಲಿಲ್ಲ. ಮಗಳು ಬರುವಷ್ಟರಲ್ಲಿ ಮೀನು ಮನೆಯಲ್ಲಿರಲಿ, ಹಬ್ಬದ ದಿನ ಅವಳ ಮುಖ ಅರಳಲಿ ಎಂದು ಅಶ್ವತ್ಥಮ್ಮ ರೇಷ್ಮೆ ಸೀರೆಯಲ್ಲೇ ಬಸ್ಸು ಹತ್ತಿ ಚಂದಾಪುರಕ್ಕೆ ಹೋದರು. ಬರುವಾಗ ಕೈಯಲ್ಲಿ ನೀರು ತುಂಬಿದ ಪ್ಲಾಸ್ಟಿಕ್ ಚೀಲ, ಅದರೊಳಗೆ ಮೀನು. ನೀಲಿಯೆಂದರೆ ಎಂಥ ನೀಲಿ! ನಾನೇ ಬಾಯಿ ತೆರೆದು ನೋಡಿದೆ.

ಬಾಗಿಲ ಹತ್ತಿರ ಬಂದವರು ಅಲ್ಲೇ ನಿಂತರು. ಬೆಳಿಗ್ಗೆಯಷ್ಟೇ ಕಳಶವನ್ನು ಹೊಸಿಲಿನಿಂದ ಆರತಿ ಎತ್ತಿ ಲಕ್ಷ್ಮೀ ಬಾರಮ್ಮ ಎಂದು ಒಳಗೆ ಕರೆದುಕೊಂಡಿದ್ದರು. ರಂಗೋಲಿ ಇನ್ನೂ ಅಳಿಸಿರಲಿಲ್ಲ.

"ಹಬ್ಬದ್ ದಿನ ಮನೆಗ್ ಬಂದಿರೋ ಜೀವಾನ ಬಚ್ಚಲ ಪಕ್ಕ ಕೂರ್ಸದಾ ಭಾಗ್ಯ? ನನ್ನನ್ನ ಕೂರುಸ್ತಿದ್ರು ತಿಂಗಳು ತಿಂಗಳು ಒರಗಡೆ, ಕೊಟ್ಟಿಗೆ ಪಕ್ಕ. ಆ ಕಾಲ ನಮ್ಗೇ ಮುಗೀಲಿ," ಎಂದರು.

ಆರತಿ ತಟ್ಟೆ ತಂದರು. ಕುಂಕುಮದ ನೀರು ಇಳಿ ತೆಗೆದರು. ಚೀಲವನ್ನು ಎದೆಗೊತ್ತಿಕೊಂಡು ಬಲಗಾಲಿಟ್ಟು ಒಳಗೆ ಹೋಗಿ ಹಾಲ್‌ನ ತೊಟ್ಟಿಗೇ ಬಿಟ್ಟರು. ನಾನು ಕೋಸಂಬರಿ ತಿನ್ನುತ್ತಾ ನೋಡುತ್ತಿದ್ದೆ. ಎಲ್ಲದಕ್ಕೂ ಮೂಗು ತೂರಿಸುವ ನಾನು ಅವತ್ತು ಬಾಯಿ ಬಿಡಲಿಲ್ಲ, ಕೋಸಂಬರಿ ಅಷ್ಟು ಚೆನ್ನಾಗಿತ್ತು. ಸಂಜೆ ಬಂದ ಯಮುನಾ ತೊಟ್ಟಿಯ ಮುಂದೆ ನಿಂತು, ತಾಯಿಯ ಮುಖ ನೋಡಿದಳು. ಆ ಮುಖದಲ್ಲಿದ್ದ ಸಂಭ್ರಮ ಕೆಡಿಸಲಾರದೆ ಮೂರು ಮೀನಿಗೂ ತಿನ್ನಲು ಹಾಕಿದಳು.

ಒಂದೆರಡು ವಾರ ಎಲ್ಲ ಚೆನ್ನಾಗಿತ್ತು. ಆಮೇಲೊಂದು ಬೆಳಿಗ್ಗೆ ಅಶ್ವತ್ಥಮ್ಮ ಮೆಟ್ಟಿಲ ಕೆಳಗೆ ನಿಂತು ನನ್ನನ್ನು ಕೂಗಿದರು. ನೀಲಿ ಮೀನಿನ ಮೈಮೇಲೆ ಯಾರೋ ಚಿರೋಟಿ ರವೆ ಉದುರಿಸಿದ ಹಾಗೆ ಬಿಳಿ ಚುಕ್ಕೆಗಳು. ಅದು ಓಡಿ ಬಂದು ಕಲ್ಲಿಗೆ ಮೈ ಉಜ್ಜುತ್ತಿತ್ತು, ಮತ್ತೆ ಓಡಿ ಬಂದು ಉಜ್ಜುತ್ತಿತ್ತು. ಉಪ್ಪು ಕರಗದೆ ಮೈಗೆ ಅಂಟಿಕೊಂಡಿರಬೇಕು ಎಂದು ನಾನು ಪಂಡಿತಳ ಹಾಗೆ ಹೇಳಿದೆ. ಅಶ್ವತ್ಥಮ್ಮನಿಗೆ ಅದನ್ನು ನಂಬುವ ಆಸೆ. ಆದರೆ ಯಮುನಾ ನೋಡಿದ ಕೂಡಲೇ ಅವಳ ಮುಖದ ಬಣ್ಣ ಇಳಿಯಿತು.

"ಹುಳ ಅಮ್ಮ. ಕಣ್ಣಿಗೆ ಕಾಣದಷ್ಟು ಸಣ್ಣವು. ಚರ್ಮದೊಳಗೆ ಸೇರ್ಕೊಂಡು ತಿಂತಾವೆ."

"ನಾನ್ ತಂದಿದ್ದಕ್ಕಾ?"

ಯಮುನಾ ಬೈದಿದ್ದರೆ ಆ ತಾಯಿ ನೆಮ್ಮದಿಯಾಗಿ ಅತ್ತುಬಿಡುತ್ತಿದ್ದರು. ಅವಳು ಬೈಯಲಿಲ್ಲ, ಬ್ಯಾಗು ತೆಗೆದುಕೊಂಡು ಕೆಲಸಕ್ಕೆ ಹೋದಳು. ಅವತ್ತು ಅಶ್ವತ್ಥಮ್ಮ ಊಟ ಮಾಡಲಿಲ್ಲ. ತೊಟ್ಟಿಯ ಮುಂದೆಯೇ ಕೂತಿದ್ದರು.

ನೀಲಿ ಮೀನು ಉಳಿಯಲಿಲ್ಲ. ಮೂಲೆಯಲ್ಲಿ ಉಸಿರೆಳೆಯುತ್ತಾ ನಿಂತು, ಒಂದು ಬೆಳಿಗ್ಗೆ ಮಗ್ಗುಲಾಗಿ ಬಿದ್ದಿತ್ತು. ಅಷ್ಟರಲ್ಲಿ ಅರಿಶಿನದ ರೆಕ್ಕೆಯ ಮೇಲೂ, ಕುಂಕುಮದ ಬಾಲದ ಮೇಲೂ ಚುಕ್ಕೆ ಕಂಡಿದ್ದವು. ಆದರೆ ಆಶ್ಚರ್ಯ, ನಾಲ್ಕೈದು ದಿನ ಕಳೆಯುವುದರಲ್ಲಿ ಆ ಚುಕ್ಕೆಗಳು ತಾವಾಗಿಯೇ ಹೋದವು. ಎರಡು ಮೀನೂ ಫಳಫಳ ಹೊಳೆಯುತ್ತಿದ್ದವು. ಅಶ್ವತ್ಥಮ್ಮನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಆಂಜನೇಯನ ಗುಡಿಗೆ ಹೋಗಿ ತೆಂಗಿನಕಾಯಿ ಒಡೆಸಿಕೊಂಡು ಬಂದು ನಮಗೆಲ್ಲ ಚೂರು ಹಂಚಿದರು. ಯಮುನಾಳಿಗೂ ಕೊಟ್ಟರು.

ಅವಳು ಆ ತೆಂಗಿನಕಾಯಿ ಚೂರನ್ನು ಕೈಯಲ್ಲಿ ಹಿಡಿದುಕೊಂಡೇ ಹೇಳಿದಳು: "ಹೋಗಿಲ್ಲಮ್ಮ. ಬಿದ್ದಿದಾವೆ ಅಷ್ಟೆ. ಹೊಟ್ಟೆ ತುಂಬ್ತು, ಕೆಳಗೆ ಮರಳಿಗೆ ಇಳಿದ್ವು. ಅಲ್ಲಿ ಗೂಡು ಕಟ್ಕೊಂಡು ಒಂದು ಇದ್ದಿದ್ದು ನೂರಾಗುತ್ತೆ. ಆಮೇಲೆ ಮೇಲಕ್ಕೆ ಬರುತ್ತೆ."

"ಮೈ ಮ್ಯಾಗೆ ಏನೂ ಇಲ್ವಲ್ಲೇ! ಕಣ್ಣಾರೆ ನೋಡ್ತಾವ್ನಿ."

"ಕಾಣಲ್ಲಮ್ಮ. ಮರಳಲ್ಲಿದೆ."

ಅವಳ ಮಾತು ಅಶ್ವತ್ಥಮ್ಮನಿಗೆ ಹಿಡಿಸಲಿಲ್ಲ. ನನಗೂ ಹಿಡಿಸಲಿಲ್ಲ, ಈಗಿನ ಹುಡುಗಿಯರಿಗೆ ಸಂತೋಷಪಡುವುದೇ ಗೊತ್ತಿಲ್ಲ ಎಂದುಕೊಂಡೆ. ಅವಳು ಡ್ರಮ್ಮಿನ ನೀರು ಬದಲಾಯಿಸಿ ಔಷಧಿಗೆ ಶಿವಶಂಕರನಿಗೆ ಹೇಳಿದಳು. ಔಷಧಿ ಬರಲು ತಡವಾಯಿತು. ಅದು ಬರುವ ಮೊದಲೇ ಒಂದು ದಿನ ಚುಕ್ಕೆಗಳು ಬಂದವು. ಈ ಸಲ ಉದುರಿಸಿದ ಹಾಗಲ್ಲ, ಮೈತುಂಬ ಮೆತ್ತಿದ ಹಾಗಿತ್ತು. ಅರಿಶಿನದ ಹಳದಿಯೇ ಮಾಸಿಹೋಗಿತ್ತು. ಎರಡೇ ದಿನಕ್ಕೆ ಅದು ಸತ್ತಿತು. ಅರಿಶಿನ ಸತ್ತಿತು ಎಂದು ಬಾಯಲ್ಲಿ ಹೇಳಲೂ ಅಶ್ವತ್ಥಮ್ಮನಿಗೆ ಧೈರ್ಯವಿಲ್ಲ. ಹಳದಿಯದು ಹೋಯಿತು ಎಂದಷ್ಟೇ ಹೇಳಿ, ಸೆರಗು ಬಾಯಿಗೆ ಒತ್ತಿಕೊಂಡು, ತುಳಸಿ ಗಿಡದ ಬುಡದಲ್ಲಿ ಮಣ್ಣು ಮಾಡಿದರು.

ಉಳಿದಿದ್ದು ಕುಂಕುಮ ಒಂದೇ. ಅದನ್ನು ಹಿಡಿದು ಡ್ರಮ್ಮಿಗೆ ಹಾಕಬೇಕು. ಔಷಧಿಯೆಂದರೆ ತಾಮ್ರ, ನೀರಲ್ಲಿ ಕರಗಿಸಿದ ತಾಮ್ರ. ಅದು ಹುಳವನ್ನು ಕೊಲ್ಲುತ್ತದೆ, ಆದರೆ ಕಡಲ ಹೂವನ್ನೂ ಸಿಗಡಿಯನ್ನೂ ಉಳಿಸುವುದಿಲ್ಲ. ಹಾಗಾಗಿ ಹಾಲ್‌ನ ತೊಟ್ಟಿಗೆ ಹನಿಯೂ ಬೀಳಬಾರದು. ಯಮುನಾ ಇಷ್ಟು ವಿವರಿಸಿ ಕೆಲಸಕ್ಕೆ ಹೋಗಿದ್ದಳು. ನಾನು ಶಿಫ್ಟ್ ಮುಗಿಸಿ ಬಂದು ಕೀ ಇಸಿದುಕೊಳ್ಳಲು ಒಳಗೆ ಇಣುಕಿದರೆ, ಅಶ್ವತ್ಥಮ್ಮ ಸ್ಟೂಲಿನ ಮೇಲೆ ಹತ್ತಿ ನಿಂತಿದ್ದಾರೆ. ಕೈಯಲ್ಲಿ ದೇವರ ಮನೆಯ ತಾಮ್ರದ ಚೊಂಬು. ಹುಣಸೆಹಣ್ಣು ಹಾಕಿ ಬೆಳಗಿ ಕೆಂಪಗೆ ಮಿರಮಿರ ಮಾಡಿದ್ದಾರೆ. ಬೆಳಿಗ್ಗೆಯಿಂದ ಅದರಲ್ಲಿಟ್ಟ ನೀರನ್ನು ತೊಟ್ಟಿಗೆ ಬಗ್ಗಿಸುವ ತಯಾರಿ ನಡೆದಿತ್ತು.

ಓಡಿಹೋಗಿ ರಟ್ಟೆ ಹಿಡಿದೆ.

"ಅಮ್ಮಾರ! ಏನ್ ಮಾಡಾಕತ್ತೀರಿ? ಇಳೀರಿ ಮೊದಲ ಕೆಳಗ!"

"ತಾಮ್ರ ಅಂದ್ಲಲ್ಲ ಭಾಗ್ಯ. ನಾವ್ ದಿನಾ ಕುಡಿಯಾಕಿಲ್ವಾ ಇದ್ರಾಗೆ? ಒಳ್ಳೇದೇ ತಾನೆ?"

"ನಿಮಗ ಒಳ್ಳೇದ್ರಿ. ಆ ಹೂವಿಗೆ ವಿಷ ಐತಿ. ಆಕಿ ಹೇಳಿಲ್ಲೇನ್ರಿ?"

ಅವರು ಸ್ಟೂಲಿನಿಂದ ಇಳಿದು ಚೊಂಬನ್ನು ಮಡಿಲಲ್ಲಿಟ್ಟುಕೊಂಡು ಕೂತುಬಿಟ್ಟರು. ನೀರು ಸೀರೆಯ ಮೇಲೆಲ್ಲ ಚೆಲ್ಲಿತು. "ನಾನ್ ಒಳ್ಳೇದು ಅಂತ ಮಾಡಿದ್ದೆಲ್ಲ ಅವಳಿಗೆ ಇಂಗೇ ಆಯ್ತದಲ್ಲ," ಎಂದರು. ಮೀನಿನ ಮಾತು ಮಾತ್ರ ಅಲ್ಲ ಅದು. ನನಗೂ ಕಣ್ಣು ತುಂಬಿ ಬಂತು, ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಟ್ಟು ಚೊಂಬನ್ನು ದೇವರ ಮನೆಯಲ್ಲಿಟ್ಟು ಬಂದೆ.

ಭಾನುವಾರ ಕುಂಕುಮವನ್ನು ಹಿಡಿದೆವು. ಹಿಡಿದೆವು ಎಂದು ಹೇಳುವುದು ಸುಲಭ. ತೊಟ್ಟಿಯ ಕಲ್ಲೆಲ್ಲ ಎತ್ತಿ ಬಕೆಟ್ಟಿಗಿಟ್ಟು, ನೀರು ಅರ್ಧ ತೆಗೆದು, ಯಮುನಾ ಒಂದು ಕಡೆ ಬಲೆ, ನಾನು ಇನ್ನೊಂದು ಕಡೆ ಡಬ್ಬ, ಅಶ್ವತ್ಥಮ್ಮ ಹಿಂದೆ ನಿಂತು ಜೋಪಾನ ಜೋಪಾನ ಎಂದು ಜಪ. ಹಾಲ್ ಪೂರಾ ಉಪ್ಪುನೀರಾಯಿತು. ಲಕ್ಷ್ಮಯ್ಯ ಪಂಚೆ ಎತ್ತಿಕೊಂಡು ದಾಟಿ ಹೋಗುತ್ತಾ, ಒಂದು ಬೆರಳುದ್ದದ ಮೀನಿಗೆ ಇಷ್ಟು ಪಾಡಾ ಎಂದು ಗೊಣಗಿದರು.

ಅಲ್ಲಿಂದ ಶುರುವಾಯಿತು ನಿಜವಾದ ಕಾಯುವಿಕೆ. ಬಚ್ಚಲ ಪಕ್ಕದ ಡ್ರಮ್ಮಿನಲ್ಲಿ, ಅಡಗಿಕೊಳ್ಳಲು ಎರಡು ತುಂಡು ಪಿವಿಸಿ ಪೈಪಿನ ನಡುವೆ, ಕುಂಕುಮ. ಔಷಧಿ ಕಡಿಮೆಯಾದರೆ ಹುಳ ಸಾಯುವುದಿಲ್ಲ, ಹೆಚ್ಚಾದರೆ ಮೀನು ಸಾಯುತ್ತದೆ. ಯಮುನಾ ದಿನವೂ ಗಾಜಿನ ಕೊಳವೆಯಲ್ಲಿ ನೀರು ಹಿಡಿದು, ಹನಿ ಹಾಕಿ, ಬಣ್ಣ ಹೋಲಿಸಿ ನೋಡುತ್ತಿದ್ದಳು. ನೋಡುವಾಗ ಅವಳ ಹಣೆಯ ಗೆರೆ ನೋಡುತ್ತಾ ಅಶ್ವತ್ಥಮ್ಮ ನಿಂತಿರುತ್ತಿದ್ದರು. ಕರೆಂಟು ಹೋದರೆ ಗಾಳಿಯ ಪಂಪು ನಿಲ್ಲುತ್ತದೆಂದು ಅಶ್ವತ್ಥಮ್ಮ ಚೊಂಬಿನಲ್ಲಿ, ತಾಮ್ರದ್ದಲ್ಲ, ಸ್ಟೀಲಿನ ಚೊಂಬಿನಲ್ಲಿ, ನೀರು ಎತ್ತಿ ಎತ್ತಿ ಸುರಿಯುತ್ತಾ ಕೂರುತ್ತಿದ್ದರು. ಅನ್ನದ ತಟ್ಟೆ ಹಿಡಿದುಕೊಂಡೇ ಎರಡು ಸಲ ಎದ್ದು ಹೋಗಿ ನೋಡಿ ಬರುವರು. ಮೊದಲ ದಿನಗಳಲ್ಲಿ ಮೀನು ತಿನ್ನಲಿಲ್ಲ. ಇವರೂ ತಿನ್ನಲಿಲ್ಲ. ಯಮುನಾಳ ಮಾತು ಮತ್ತೆ ಒಂದೊಂದಾಗಿ ಕಡಿಮೆಯಾಗುತ್ತಾ ಬಂತು. ಹೂಂ, ಊಹೂಂ ಬಿಟ್ಟರೆ ಬೇರೆ ಇಲ್ಲ. ನನಗೂ ಫ್ಯಾಕ್ಟರಿಯಲ್ಲಿ ಬೋರ್ಡಿಗೆ ಬೆಸುಗೆ ಹಾಕುವಾಗ ಆ ಡ್ರಮ್ಮೇ ಕಣ್ಣ ಮುಂದೆ ಬರುತ್ತಿತ್ತು.

ಇತ್ತ ಹಾಲ್‌ನ ತೊಟ್ಟಿಯಲ್ಲಿ ಮೀನಿಲ್ಲ. ಕಲ್ಲು ಮರಳು ವಾಪಸ್ ಕೂತಿತ್ತು, ದೀಪ ಉರಿಯುತ್ತಿತ್ತು, ಹೂವು ಬೆರಳಾಡಿಸುತ್ತಿತ್ತು, ಸಿಗಡಿ ಮೀಸೆ ತಿರುವುತ್ತಿತ್ತು. ತಿನ್ನಲು ಮೀನು ಸಿಗದೆ ಹುಳಗಳು ಉಪವಾಸ ಬಿದ್ದು ಸಾಯಬೇಕು, ಅದಕ್ಕೆ ಎರಡು ತಿಂಗಳ ಮೇಲೆಯೇ ಬೇಕು, ಅಲ್ಲಿಯವರೆಗೆ ಮುಟ್ಟುವ ಹಾಗಿಲ್ಲ ಎಂದಿದ್ದಳು ಯಮುನಾ. ಬಂದವರೆಲ್ಲ ಮೀನೆಲ್ಲ ಸತ್ತೋದ್ವಾ ಎಂದು ಕೇಳುತ್ತಿದ್ದರು. ಆ ಪ್ರಶ್ನೆ ಕೇಳಿದಾಗಲೆಲ್ಲ ಅಶ್ವತ್ಥಮ್ಮ ಎದ್ದು ಹೋಗಿ ಡ್ರಮ್ಮಿನಲ್ಲಿ ಇಣುಕಿ ಬರುವರು.

ದಸರಾ ಕಳೆಯಿತು. ಡ್ರಮ್ಮಿನ ಮೀನು ತಿನ್ನಲು ಶುರುಮಾಡಿತ್ತು, ಮೈ ಶುದ್ಧವಾಗಿತ್ತು. ಸಮಾಧಾನ ಪಡೋಣ ಎನ್ನುವಷ್ಟರಲ್ಲಿ ಲಕ್ಷ್ಮಯ್ಯ ಒಂದು ಸಂಜೆ ಹೇಳಿದರು.

"ದೀಪಾವಳಿಗೆ ಗೋಪಾಲಪ್ನೋರು ಬರ್ತಾವ್ರೆ. ಶ್ರೀಧರನೂ ಬತ್ತಾನೆ. ಹಾಲ್‌ನಲ್ಲಿ ಈ ಖಾಲಿ ನೀರು ಮಡಗ್ಕೊಂಡು ಏನ್ ಶಕುನ? ಆ ಮೀನ್ನ ತಂದು ಬಿಡ್ರಿ ಒಳೀಕೆ. ವಾಸಿ ಆಗೈತಲ್ಲ."

ಅಡುಗೆಮನೆಯಲ್ಲಿ ಯಮುನಾ ತೊಳೆಯುತ್ತಿದ್ದ ಪಾತ್ರೆಯ ಸದ್ದು ನಿಂತಿತು. ಅಶ್ವತ್ಥಮ್ಮ ಗಂಡನ ಮುಖ ನೋಡಲಿಲ್ಲ. "ಇನ್ನೂ ಆಗಿಲ್ಲ, ಬುಡಾಕಿಲ್ಲ," ಎಂದಷ್ಟೇ ಹೇಳಿದರು. ಹೇಳಿದ ಮೇಲೆ ಹೆದರಿ ಮೇಲೆ ನನ್ನ ರೂಮಿಗೆ ಬಂದು ಕೂತರು. ಮೀನಿನ ವಿಷಯಕ್ಕೆ ಗಂಡನಿಗೆ ಇಲ್ಲ ಎಂದಿದ್ದೇ ದೊಡ್ಡದಾಗಿತ್ತು ಅವರಿಗೆ. ಬೀಗರ ವಿಷಯಕ್ಕೆ ಏನು ಹೇಳುವುದು ಎಂದು ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಒಂದೇ ಸಮನೆ ಬಳೆ ತಿರುಗಿಸುತ್ತಿದ್ದರು.

ಬಂದೇ ಬಂದರು. ನಾನು ಕಜ್ಜಾಯ ಕರಿಯಲು ಕೆಳಗೆ ಬಂದಿದ್ದೆ. ಬಾಣಲೆ ಒಲೆಯ ಮೇಲಿತ್ತು, ಕಿವಿ ಹಾಲ್‌ನಲ್ಲಿತ್ತು. ಗೋಪಾಲಪ್ಪನವರು ಬಿಳಿ ಅಂಗಿ, ಹೆಗಲ ಮೇಲೆ ಜರಿ ಶಲ್ಯ. ಟೀಪಾಯಿ ಮೇಲೆ ಎಲೆ ಅಡಿಕೆ, ಹಣ್ಣು, ಸೀರೆ ಇದ್ದ ತಟ್ಟೆ. ಹೋದ ಸಲವೂ ಇಂಥದೇ ತಟ್ಟೆ ಬಂದಿತ್ತಂತೆ. ಶ್ರೀಧರ ಗಡ್ಡ ತೆಗೆಸಿಕೊಂಡು, ಹಣೆಗೆ ವಿಭೂತಿ ಇಟ್ಟುಕೊಂಡು, ಸೋಫಾದ ತುದಿಯಲ್ಲಿ ಒಳ್ಳೆಯ ಹುಡುಗನ ಹಾಗೆ ಕೂತಿದ್ದ. ನಿಜವಾಗಿ ಹೇಳುತ್ತೇನೆ, ನೋಡಿದರೆ ಯಾರಿಗಾದರೂ ಪಾಪ ಎನಿಸಬೇಕು. ಯಮುನಾ ಬಚ್ಚಲ ಪಕ್ಕದಲ್ಲಿ ಡ್ರಮ್ಮಿನ ಹತ್ತಿರವಿದ್ದಳು, ಹಾಲ್‌ಗೆ ಬಂದಿರಲಿಲ್ಲ.

"ನೋಡಮ್ಮ, ಹುಡುಗ ಮೂರು ತಿಂಗಳಿಂದ ಅದನ್ನ ಮುಟ್ಟಿಲ್ಲ. ನಿಮ್ ಯಜಮಾನ್ರನ್ನೂ ಕೇಳು. ಹುಣ್ಣಿಮೆ ದಿನ ಚೆನ್ನಾಗಿದೆಯಂತೆ. ಮಡಿಲು ತುಂಬಿ ಕಳಿಸ್ಕೊಡಿ," ಎಂದರು ಗೋಪಾಲಪ್ಪ.

ಲಕ್ಷ್ಮಯ್ಯ ಆಗಲೇ ತಲೆಯಾಡಿಸುತ್ತಿದ್ದರು. ಅಶ್ವತ್ಥಮ್ಮ ಕಜ್ಜಾಯದ ತಟ್ಟೆ ಹಿಡಿದು ನಿಂತಿದ್ದರು. ಶ್ರೀಧರ ಅತ್ತಿತ್ತ ನೋಡಿದ. ತೊಟ್ಟಿಯ ಕಡೆ ಬಗ್ಗಿ ನಗುತ್ತಾ ಹೇಳಿದ.

"ಏನತ್ತೆ, ದೀಪ ಎಲ್ಲ ಹಾಕಿದೀರ, ಒಳಗೆ ಏನೂ ಇಲ್ಲವಲ್ಲ?"

"ಐತೆ," ಎಂದರು ಅಶ್ವತ್ಥಮ್ಮ. "ಕಾಣಾಕಿಲ್ಲ ಅಷ್ಟೆಯ."

ತಟ್ಟೆಯನ್ನು ಟೀಪಾಯಿಯ ಮೇಲಿಟ್ಟರು.

"ಬೀಗ್ರೆ, ಓದ್ಸಲಾನೂ ನೀವು ಇಂಗೇ ಅಂದ್ರಿ. ಮುಟ್ಟಿಲ್ಲ, ಬುಟ್ಟವ್ನೆ ಅಂತ. ನಾನೇ ನನ್ ಕೈಯಾರೆ ಮಡಿಲು ತುಂಬಿ ಕಳಿಸ್ದೆ. ಚುಕ್ಕೆ ಓಯ್ತು ಅಂತ ಗುಡೀಗೋಗಿ ಕಾಯಿ ಒಡೆಸ್ದೋಳು ನಾನು. ಆಮ್ಯಾಕೆ ಬಂದಿದ್ದು ಮೊದ್ಲಿಗಿಂತ ಜಾಸ್ತಿ ಬಂತು. ಕಾಣ್ತಿಲ್ಲ ಅಂದ್ರೆ ಓಗೈತೆ ಅಂತಲ್ಲ. ಮರಳಾಗೆ ಇರ್ತದೆ."

"ಯಾವ ಚುಕ್ಕೆ? ಯಾವ ಮರಳು?" ಗೋಪಾಲಪ್ಪ ಲಕ್ಷ್ಮಯ್ಯನವರ ಮುಖ ನೋಡಿದರು.

"ಏನ್ ಮಾತಾಡ್ತಿದ್ದೀಯೇ ನೀನು? ಒಳೀಕೋಗು," ಎಂದು ಲಕ್ಷ್ಮಯ್ಯ ಗದರಿದರು.

ಆ ಹೆಂಗಸು ಒಳಗೆ ಹೋಗಲಿಲ್ಲ. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಬಸ್ ಸ್ಟಾಪಿನಿಂದ ವಾಪಸ್ ಬರುವ ನಮ್ಮ ಅಶ್ವತ್ಥಮ್ಮ ಅಲ್ಲೇ ನಿಂತು, ಬಚ್ಚಲ ಕಡೆ ತಿರುಗಿ ಮಗಳನ್ನು ಕೂಗಿದರು. ಯಮುನಾ ಬಂದು ಬಾಗಿಲಲ್ಲಿ ನಿಂತಳು. ತೋಳು ಮೊಣಕೈವರೆಗೆ ಒದ್ದೆ. ಕೈಯಲ್ಲಿ ಗಾಜಿನ ಕೊಳವೆ ಇನ್ನೂ ಇತ್ತು.

"ನಿಂಗೆ ಓಗಾಕೆ ಇಷ್ಟಾನೇನವ್ವ?"

ಮದುವೆಯ ದಿನ ಇದನ್ನು ಯಾರೂ ಕೇಳಿರಲಿಲ್ಲ. ವಾಪಸ್ ಕಳಿಸಿದ ದಿನವೂ ಕೇಳಿರಲಿಲ್ಲ. ದಿನ ನೋಡಿದ್ದರು, ಗಳಿಗೆ ನೋಡಿದ್ದರು, ಸೀರೆಯ ಬಣ್ಣ ನೋಡಿದ್ದರು. ಯಮುನಾ ಶ್ರೀಧರನನ್ನು ನೋಡಲಿಲ್ಲ, ತಂದೆಯನ್ನೂ ನೋಡಲಿಲ್ಲ.

"ಇಲ್ಲಮ್ಮ. ನಾನು ಹೋಗಲ್ಲ," ಎಂದಳು.

ಅಷ್ಟೇ. ನನ್ನ ಬಾಣಲೆಯಲ್ಲಿ ಕಜ್ಜಾಯ ಕಪ್ಪಗಾಗಿತ್ತು. ಗೋಪಾಲಪ್ಪನವರು ಎದ್ದರು, ಏನೇನೋ ಆಡಿದರು, ಹೆಣ್ಣಿನ ಮಾತು ಕೇಳಿ ಮನೆ ಕೆಡಿಸಿಕೊಳ್ಳಬೇಡಿ ಎಂದು ಲಕ್ಷ್ಮಯ್ಯನವರಿಗೆ ಬುದ್ಧಿ ಹೇಳಿದರು. ಶ್ರೀಧರನ ಮುಖದಲ್ಲಿ ಇಷ್ಟು ಹೊತ್ತೂ ಇದ್ದ ನಗು ಹೋಯಿತು. ಟೀಪಾಯಿಯನ್ನು ಕಾಲಿನಿಂದ ಸರಿಸಿದ. ಸರಿಸಿದ ಎಂದರೆ ಒದ್ದ. ಹಣ್ಣು ಉರುಳಿ ತೊಟ್ಟಿಯ ಕೆಳಗೆ ಹೋಯಿತು. ಅದನ್ನು ಲಕ್ಷ್ಮಯ್ಯ ನೋಡಿದರು. ಆಮೇಲೆ ಅವರು ಬೀಗರು ತಂದ ತಟ್ಟೆಯನ್ನು ತಾವೇ ಎತ್ತಿ, ಬಿದ್ದ ಹಣ್ಣುಗಳನ್ನು ಆರಿಸಿ ಹಾಕಿ, ಗೋಪಾಲಪ್ಪನವರ ಕೈಗೆ ವಾಪಸ್ ಕೊಟ್ಟರು.

ಗೆದ್ದೆವು ಎಂದು ಕುಣಿಯುವ ಹೆಂಗಸಲ್ಲ ಅಶ್ವತ್ಥಮ್ಮ. ಆ ದಿನದಿಂದ ಗೇಟಿನ ಸದ್ದಾದರೆ ಬೆಚ್ಚುತ್ತಿದ್ದರು. ಯಮುನಾ ಬರುವುದು ಹತ್ತು ನಿಮಿಷ ತಡವಾದರೆ ಹೊಸೂರು ರೋಡಿನವರೆಗೆ ನಡೆದು ಹೋಗಿ ನಿಲ್ಲುವರು. ನಾನ್ ಸರಿಯಾಗಿ ಮಾಡಿದ್ನಾ ಭಾಗ್ಯ ಎಂದು ನನ್ನನ್ನು ಎಷ್ಟು ಸಲ ಕೇಳಿದರೋ, ನಾನು ಸರಿ ಮಾಡೀರಿ ಬಿಡ್ರಿ ಅಮ್ಮಾರ ಎಂದು ರೇಗಿ ರೇಗಿ ಸಾಕಾಯಿತು. ಊರಲ್ಲಿ ಜನ ಎರಡು ಮಾತಾಡಿದರು. ಲಕ್ಷ್ಮಯ್ಯ ಕೆಲವು ದಿನ ಅರಳಿಕಟ್ಟೆಯ ಕಡೆ ಹೋಗುವುದನ್ನೇ ಬಿಟ್ಟರು.

ಕಾರ್ತೀಕ ಮುಗಿಯುತ್ತಾ ಬಂದಾಗ ಕುಂಕುಮವನ್ನು ಹಾಲ್‌ನ ತೊಟ್ಟಿಗೆ ಬಿಟ್ಟರು. ಯಾವ ಗಳಿಗೆಯೆಂದು ಅಶ್ವತ್ಥಮ್ಮ ಪಂಚಾಂಗ ತೆಗೆಯಲಿಲ್ಲ. ಮೀನು ಒಂದು ಸುತ್ತು ಹಾಕಿ, ತನ್ನ ಹೂವನ್ನು ಗುರುತು ಹಿಡಿದು, ಅದರ ಬೆರಳುಗಳ ನಡುವೆ ತೂರಿ ಕೂತಿತು. ಯಮುನಾ ಗಾಜಿಗೆ ಹಣೆ ಹಚ್ಚಿ ನೋಡುತ್ತಿದ್ದಳು. ಇದೊಂದೇ ಆಗೋಯ್ತಲ್ಲಮ್ಮ, ಜೊತೆಗೆ ಇನ್ನೊಂದು ಬೇಕು ಎಂದಳು. ತುಂಬ ದಿನಗಳ ಮೇಲೆ ಅವಳು ತಾನಾಗಿ ಆಡಿದ ಮಾತು ಅದು.

ಸಂಕ್ರಾಂತಿ ಆದಮೇಲೆ ಶಿವಶಂಕರನ ಅಂಗಡಿಗೆ ಇನ್ನೊಂದು ನೀಲಿ ಮೀನು ಬಂತು. ಈ ಸಲ ತಾಯಿ ಮಗಳು ಇಬ್ಬರೂ ಹೋಗಿ ತಂದರು. ಚೀಲ ಹಿಡಿದು ಯಮುನಾ ಬಾಗಿಲಲ್ಲಿ ನಿಂತಿದ್ದಾಗ ಅಶ್ವತ್ಥಮ್ಮ ಒಳಗಿಂದ ಆರತಿ ತಟ್ಟೆ ಹಿಡಿದುಕೊಂಡು ಬಂದರು. ಮತ್ತೆ ಅದೇ ಕಥೆಯೇ ಎಂದುಕೊಂಡೆ ನಾನು. ಅವರು ಹೊಸಿಲಲ್ಲಿ ನಿಲ್ಲಲಿಲ್ಲ. ಯಮುನಾಳನ್ನು ಮುಂದೆ ಬಿಟ್ಟುಕೊಂಡು, ಹಾಲ್ ದಾಟಿ, ಒಗೆಯುವ ಕಲ್ಲು ದಾಟಿ, ಬಚ್ಚಲ ಪಕ್ಕಕ್ಕೆ ಹೋದರು. ಡ್ರಮ್ಮಿನ ಸುತ್ತ ಸಣ್ಣದೊಂದು ರಂಗೋಲಿ ಆಗಲೇ ಬಿಟ್ಟಿದ್ದರು. ಯಮುನಾ ಮೀನನ್ನು ಬಿಟ್ಟಳು. ಅವರು ಆರತಿ ಎತ್ತಿದರು.

"ಇಲ್ಲೇ ಇರವ್ವ. ಯಾರೂ ಎಬ್ಬುಸಾಕಿಲ್ಲ ನಿನ್ನ. ಎಷ್ಟ್ ದಿನ ಬೇಕೋ ಅಷ್ಟ್ ದಿನ ಇರು," ಎಂದರು.

ಹೇಳುವಾಗ ಅವರು ಡ್ರಮ್ಮಿನ ಕಡೆ ನೋಡುತ್ತಿರಲಿಲ್ಲ. ಯಮುನಾ ದೀಪ ಆರದಿರಲೆಂದು ಒದ್ದೆ ಕೈಯನ್ನು ಅಡ್ಡ ಹಿಡಿದು ನಿಂತಿದ್ದಳು.